ಸೊನ್ನಲಿಗೆಯ ತಾಯಂದಿರು

(ಜಾತ್ರಾ ಮಹೋತ್ಸವದ ಮಹಿಳಾ ಗೋಷ್ಠಿಯಲ್ಲಿ ಅಕ್ಕಲಕೋಟೆ ತಾಲೂಕಿನ ನಿವೃತ್ತ ಕನ್ನಡ ಶಿಕ್ಷಕಿಯೊಬ್ಬರು ಮಾಡಿದ ಭಾಷಣ)



ಸಮಿತಿಯವರು ನನಗೆ ಕೊಟ್ಟ ವಿಷಯ ‘ಭಕ್ತಿ, ದಯೆ ಮತ್ತು ಸಮಾಜಸೇವೆಯಿಂದ ಸ್ಫೂರ್ತಿ ನೀಡಿದ ಮಹಿಳೆಯರು’ ಎಂಬುದು. ಇಂಥ ವಿಷಯ ಕೊಟ್ಟಾಗ ನಮ್ಮ ಕಡೆ ಭಾಷಣ ಮಾಡುವವರು ಗಾರ್ಗಿ ಮೈತ್ರೇಯಿಯರಿಂದ ಪ್ರಾರಂಭಿಸಿ, ಜೀಜಾಬಾಯಿ, ಝಾನ್ಸಿ ರಾಣಿ, ಕಿತ್ತೂರ ಚೆನ್ನಮ್ಮ ಎಂದು ಹೇಳಿ ಮುಗಿಸುವುದು ರೂಢಿ. ಅವರೆಲ್ಲ ದೊಡ್ಡವರೇ. ಅವರಿಗೆ ಇಲ್ಲಿಂದಲೇ ಕೈ ಮುಗಿಯುತ್ತೇನೆ. ಆದರೆ ನಾವು ಕುಳಿತಿರುವುದು ಸೊಲ್ಲಾಪುರದಲ್ಲಿ. ಈ ಮಣ್ಣಿಗೆ ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆ ಎಂದು ಹೆಸರು. ಸೊನ್ನಲಿಗೆಯ ಸುತ್ತಮುತ್ತ ಬಾಳಿದ ತಾಯಂದಿರ ಬಗೆಗೆ ನಾವೇ ಮಾತಾಡದಿದ್ದರೆ ದೂರದವರು ಬಂದು ಮಾತಾಡುವರೆ? ಆದ ಕಾರಣ ನಾನು ನಮ್ಮ ಊರನ್ನು ಬಿಟ್ಟು ಬಹಳ ದೂರ ಹೋಗುವುದಿಲ್ಲ.

ಮೊದಲು ಸುಗ್ಗವ್ವೆಯನ್ನು ನೆನೆಯೋಣ. ಶಿವಯೋಗಿ ಸಿದ್ಧರಾಮರ ತಾಯಿ, ಮುದ್ದುಗೌಡರ ಧರ್ಮಪತ್ನಿ. ರಾಘವಾಂಕ ಕವಿಯು ಸಿದ್ಧರಾಮರ ಚರಿತ್ರೆಯನ್ನು ಕಾವ್ಯವಾಗಿ ಬರೆದಿದ್ದಾನೆ. ಬಾಲಕ ಸಿದ್ಧರಾಮ ಮಾತು ಕಡಿಮೆ, ಆಟ ಕಡಿಮೆ. ಕಂಡವರು ಮಂಕು ಹುಡುಗನೆಂದರು. ಹೊಲ ಕಾಯುವಾಗ ಮಲ್ಲಯ್ಯನೆಂಬ ಜಂಗಮ ಬಂದು ಹಸಿವೆಂದು ಮಜ್ಜಿಗೆ ಅನ್ನ ಕೇಳಿದ. ಹುಡುಗ ಮನೆಗೆ ಓಡಿ ಬಂದು ಅವ್ವನಿಗೆ ಹೇಳಿದ. ಮಂಕೆಂದು ಊರು ಕರೆದ ಮಗನ ಮಾತನ್ನು ನಂಬಿ ಆ ತಾಯಿ ಅನ್ನ ಕಟ್ಟಿ ಕೊಟ್ಟಳು. ಮುಂದೆ ಆ ಮಲ್ಲಯ್ಯ ಮರೆಯಾದದ್ದು, ಹುಡುಗ ಮಲ್ಲಯ್ಯಾ ಎಂದು ಅಳುತ್ತ ಶ್ರೀಶೈಲದ ದಾರಿ ಹಿಡಿದದ್ದು ನಿಮಗೆಲ್ಲ ಗೊತ್ತಿದ್ದ ಕಥೆ. ಈ ಕಥೆಯನ್ನು ಹೇಳುವಾಗ ಎಲ್ಲರೂ ಮಗನ ಹಿಂದೆ ಶ್ರೀಶೈಲಕ್ಕೆ ಹೋಗುತ್ತಾರೆ. ನನ್ನ ಮನಸ್ಸು ಅಡಿಗೆ ಮನೆಯಲ್ಲಿಯೇ ನಿಲ್ಲುತ್ತದೆ. ಸುಮ್ಮನೆ ಕೂಡು, ಯಾವ ಜಂಗಮ, ಯಾವ ಅನ್ನ ಎಂದು ಆ ತಾಯಿ ಗದರಿಸಿದ್ದರೆ? ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಕಲಿಸಿದವಳು ನಾನು. ಮಂಕೆಂದು ಹೆಸರು ಹೊತ್ತ ಮಗುವಿನ ಮಾತನ್ನು ನಂಬುವುದು ಎಷ್ಟು ಕಷ್ಟವೆಂಬುದು ನನಗೆ ಗೊತ್ತು.

ಇನ್ನು ನಮ್ಮ ಗಡ್ಡಾ ಯಾತ್ರೆ. ಸಂಕ್ರಮಣದ ವೇಳೆಗೆ ಬಾರಾಬಂದಿ ತೊಟ್ಟ ಸಾವಿರಾರು ಭಕ್ತರು, ಏಳು ನಂದಿಧ್ವಜಗಳು, ಅರುವತ್ತೆಂಟು ಲಿಂಗಗಳ ದರ್ಶನ. ಅದರ ನಡುವೆ ಇರುವುದು ಯಾರ ಕಥೆ? ಒಬ್ಬ ಕುಂಬಾರ ಮನೆತನದ ಹುಡುಗಿಯ ಕಥೆ. ಆಕೆ ಸಿದ್ಧರಾಮರನ್ನೇ ವರಿಸುವೆನೆಂದಳು. ಯೋಗಿಯಾದ ಅವರು ಒಪ್ಪದೆ ತಮ್ಮ ಯೋಗದಂಡದೊಡನೆ ಮದುವೆಗೆ ಒಪ್ಪಿಗೆ ಕೊಟ್ಟರು. ಮರುದಿನ ಆಕೆ ಹೋಮಕುಂಡವನ್ನು ಸೇರಿದಳು ಎಂದು ನಂಬಿಕೆ. ಲಕ್ಷ ಜನ ಅಕ್ಷತೆ ಹಾಕುವುದು ಆ ಮದುವೆಗೆ. ಆಕೆಯನ್ನು ನಾವು ಕುಂಬಾರ ಕನ್ಯೆ ಎಂದು ಮಾತ್ರ ಕರೆಯುತ್ತೇವೆ. ಜಾತ್ರೆಗೆ ಬಂದವರಲ್ಲಿ ಹತ್ತು ಜನರನ್ನು ನಿಲ್ಲಿಸಿ ಆಕೆಯ ಹೆಸರೇನೆಂದು ಕೇಳಿರಿ, ಎಷ್ಟು ಜನ ಹೇಳುತ್ತಾರೆ ನೋಡೋಣ. ಪೂಜೆ ಮಾಡುತ್ತೇವೆ, ಹೆಸರು ಕೇಳುವುದಿಲ್ಲ. ಹೆಣ್ಣುಮಕ್ಕಳ ಬಗೆಗೆ ನಮ್ಮ ಸಮಾಜದ ನಡೆ ಬಹಳ ಕಾಲದಿಂದ ಹೀಗೆಯೇ ಇದೆ.

ಮಂಗಳವೇಡೆ ನಮ್ಮ ಜಿಲ್ಲೆಯದೇ. ಬಸವಣ್ಣನವರು ಬಿಜ್ಜಳನ ಕರಣಿಕರಾಗಿ ದುಡಿದ ಊರು. ಅದೇ ಊರಿನಲ್ಲಿ ಚೋಖೋಬಾನ ಹೆಂಡತಿ ಸೋಯರಾಬಾಯಿ ಅಭಂಗ ಕಟ್ಟಿದಳು. ಗುಡಿಯೊಳಗೆ ಕಾಲಿಡಲು ಬಿಡದ ಕಾಲದಲ್ಲಿ ಹೊರಗೆ ನಿಂತು ಹಾಡಿದಳು. ಮುಂದೆ ಅಲ್ಲಿಯೇ ಗಣಿಕೆಯ ಮಗಳಾಗಿ ಹುಟ್ಟಿದ ಕಾನ್ಹೋಪಾತ್ರಾ ಆ ವೃತ್ತಿಯನ್ನು ಒಲ್ಲೆನೆಂದು ವಾರಕರಿಗಳ ದಿಂಡಿಯೊಡನೆ ಪಂಢರಾಪುರಕ್ಕೆ ನಡೆದಳು. ಬಾದಶಹನ ಸಿಪಾಯಿಗಳು ಬೆನ್ನು ಹತ್ತಿದಾಗ ವಿಠ್ಠಲನ ಪಾದದಲ್ಲಿ ಪ್ರಾಣ ಬಿಟ್ಟಳೆಂದು ವಾರಕರಿಗಳು ಹೇಳುತ್ತಾರೆ. ಪಂಢರಾಪುರದ ದೇವಸ್ಥಾನದ ಆವರಣದಲ್ಲಿ ಆಕೆಯ ನೆನಪಿನ ಗಿಡಕ್ಕೆ ಇಂದಿಗೂ ಜನ ಕೈ ಮುಗಿಯುತ್ತಾರೆ.

ಅಹಿಲ್ಯಾಬಾಯಿ ಹೋಳ್ಕರರ ಹೆಸರನ್ನು ಈಗ ಸೊಲ್ಲಾಪುರದ ಹುಡುಗ ಹುಡುಗಿಯರು ದಿನಾಲೂ ಹೇಳುತ್ತಾರೆ. ನಮ್ಮ ವಿದ್ಯಾಪೀಠಕ್ಕೆ 2019ರಲ್ಲಿ ಅವರ ಹೆಸರು ಇಡಲಾಯಿತಲ್ಲ. 1725ರಲ್ಲಿ ಚೌಂಡಿಯೆಂಬ ಸಣ್ಣ ಹಳ್ಳಿಯಲ್ಲಿ ಹುಟ್ಟಿದ ಆ ತಾಯಿ ಕಾಶಿ ವಿಶ್ವನಾಥನ ದೇವಾಲಯವನ್ನು 1780ರಲ್ಲಿ ಮತ್ತೆ ಕಟ್ಟಿಸಿದರು. ನಾಡಿನ ಉದ್ದಗಲಕ್ಕೂ ಘಟ್ಟ, ಬಾವಿ, ಛತ್ರಗಳನ್ನು ಮಾಡಿಸಿದರು. ಅವರ ಬಗೆಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ದಾನಧರ್ಮದ ಖರ್ಚನ್ನು ಅವರು ತಮ್ಮ ಖಾಸಗಿ ಖಜಾನೆಯಿಂದ ಮಾಡುತ್ತಿದ್ದರು, ರಾಜ್ಯದ ಬೊಕ್ಕಸದ ಲೆಕ್ಕ ಬೇರೆ ಇತ್ತು. ದೇವರ ಹೆಸರಿನಲ್ಲಿ ಹಣ ಕೂಡಿಸುವ ನಾವು, ಇಂಥ ಸಮಿತಿಗಳವರು, ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. (ಖಜಾಂಚಿ ಅಣ್ಣನವರು ನಗುತ್ತಿದ್ದಾರೆ. ನಮ್ಮ ಸಮಿತಿಯ ಲೆಕ್ಕ ಸರಿಯಾಗಿದೆಯೆಂದು ನಾನು ಬಲ್ಲೆ.)

ಸಮಾಜಕಾರ್ಯಕ್ಕೆ ರಾಣಿಯರೇ ಆಗಬೇಕೆಂದೇನಿಲ್ಲ. ಅಕ್ಕಲಕೋಟೆ ರಸ್ತೆಯಲ್ಲಿ ಕುಂಭಾರಿಯ ಕಡೆ ಹೋದವರು ಆ ದೊಡ್ಡ ವಸಾಹತನ್ನು ನೋಡಿದ್ದೀರಿ. ಗೋದೂತಾಯಿ ಪರುಳೇಕರರ ಹೆಸರಿನ ಬೀಡಿ ಕಾರ್ಮಿಕ ಮಹಿಳೆಯರ ಸಹಕಾರಿ ಸಂಘ ಕಟ್ಟಿಸಿದ 10,000 ಮನೆಗಳು. 2006ರಲ್ಲಿ ಆಗಿನ ಪ್ರಧಾನಮಂತ್ರಿಗಳು ಬಂದು ಮನೆಗಳನ್ನು ಒಪ್ಪಿಸಿದರು. ಮೊರದಲ್ಲಿ ಎಲೆ ತಂಬಾಕು ಇಟ್ಟುಕೊಂಡು ಮೊಣಕಾಲ ಮೇಲೆ ದಿನವಿಡೀ ಬೀಡಿ ಕಟ್ಟುವ ತಾಯಂದಿರು ವರ್ಷಾನುಗಟ್ಟಲೆ ಮೋರ್ಚಾ ನಡೆದು, ಹಣ ಕೂಡಿಸಿ, ಪಡೆದ ಸೂರು ಅದು. ಅವರ ಬಾವುಟದ ಬಣ್ಣ ಯಾವುದಾದರೂ ಇರಲಿ, ಜಾತ್ರೆಯ ದಿನ ಅವರೂ ನಮ್ಮೊಡನೆಯೇ ಸಾಲಿನಲ್ಲಿ ನಿಂತು ಸಿದ್ಧರಾಮನಿಗೆ ಕಾಯಿ ಒಡೆಸುತ್ತಾರೆ.

ಇಷ್ಟು ಹೇಳಿ ಈಗ ನಾನು ಯಾರ ಬಗೆಗೆ ಮಾತನಾಡಲು ಬಂದೆನೋ ಅವರ ಕಡೆಗೆ ಬರುತ್ತೇನೆ. ಜಯದೇವಿತಾಯಿ ಲಿಗಾಡೆಯವರು. ಇಲ್ಲಿ ಕುಳಿತ ಹಿರಿಯರಲ್ಲಿ ಕೆಲವರು ಅವರನ್ನು ಕಣ್ಣಾರೆ ಕಂಡಿದ್ದೀರಿ. ಸಣ್ಣವರು ಹೆಸರನ್ನಾದರೂ ಕೇಳಿದ್ದೀರೋ ಇಲ್ಲವೋ ಎಂಬುದೇ ನನ್ನ ಚಿಂತೆ.

ಜಯದೇವಿತಾಯಿಯವರು ಹುಟ್ಟಿದ್ದು ಇದೇ ಸೊಲ್ಲಾಪುರದಲ್ಲಿ, 1912ರ ಜೂನ್ 23ರಂದು. ಮಡಕಿ ಮನೆತನ. ತಂದೆ ಚೆನ್ನಬಸಪ್ಪನವರು, ತಾಯಿ ಸಂಗವ್ವನವರು. ಸಿರಿವಂತರು, ಮನೆಯಲ್ಲಿ ಲಿಂಗಪೂಜೆ, ದಾಸೋಹ ತಪ್ಪಿದ್ದಿಲ್ಲ. ಶಾಲೆ ಕಲಿತದ್ದು ಮರಾಠಿಯಲ್ಲಿ. ಅಂದಿನ ರೂಢಿಯಂತೆ ಇನ್ನೂ ಚಿಕ್ಕವರಿದ್ದಾಗಲೇ ಲಿಗಾಡೆ ಮನೆತನದ ಚೆನ್ನಮಲ್ಲಪ್ಪನವರೊಡನೆ ಮದುವೆಯಾಯಿತು. ಶ್ರೀಮಂತರ ಸೊಸೆ, ಮೈತುಂಬ ಬಂಗಾರ, ಮನೆತುಂಬ ಆಳು. ಅಂದಿನ ಲೆಕ್ಕದಲ್ಲಿ ಹೆಣ್ಣಿಗೆ ಇನ್ನೇನು ಬೇಕು? ಓದು ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಮನೆಯಲ್ಲಿ ಮಾತು ಕನ್ನಡ, ಹಾಡು ಕನ್ನಡ, ಪುಸ್ತಕದ ಅಕ್ಷರ ಮಾತ್ರ ಮರಾಠಿ. ಸಿದ್ಧರಾಮರ ವಚನಗಳು ಕನ್ನಡದಲ್ಲಿವೆ. ಕಪಿಲಸಿದ್ಧ ಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ಅವರು ಹೇಳಿದ ಮಾತುಗಳನ್ನು ಅವರ ಊರಿನ ಮಗಳೇ ಓದಲಾರಳು. ಆಗ ಭೀಮೆಯ ಆಚೆ ವಿಜಾಪುರದಲ್ಲಿ ಫ.ಗು. ಹಳಕಟ್ಟಿಯವರು ಮನೆಮಠ ಮಾರಿಕೊಂಡಂತೆ ದುಡಿದು ತಾಳೆಗರಿಗಳಿಂದ ವಚನಗಳನ್ನು ಎತ್ತಿ ಅಚ್ಚು ಮಾಡಿಸುತ್ತಿದ್ದರು. ಅವರ ‘ವಚನಶಾಸ್ತ್ರಸಾರ’ 1923ರಲ್ಲಿ ಬಂದಿತ್ತು. 1926ರಿಂದ ‘ಶಿವಾನುಭವ’ ಪತ್ರಿಕೆ. ಪುಸ್ತಕ ಬಂದರೇನು, ಓದುವ ಕಣ್ಣು ಬೇಡವೆ? ಜಯದೇವಿತಾಯಿಯವರು ಮದುವೆಯಾಗಿ ಸಂಸಾರಕ್ಕೆ ನಿಂತ ಮೇಲೆ ತಾವೇ ಕನ್ನಡ ಅಕ್ಷರ ಕಲಿತರು. ಓದಲು ಕಲಿತರು, ಆಮೇಲೆ ಬರೆಯಲು ಕಲಿತರು.

ತಾಯಂದಿರೆ, ಇಲ್ಲಿ ಸ್ವಲ್ಪ ನಿಲ್ಲೋಣ. ಮಕ್ಕಳು ಪಾಟಿಯ ಮೇಲೆ ತಿದ್ದುವ ವಯಸ್ಸಿನಲ್ಲಿ ಅಕ್ಷರ ಕಲಿಯುವುದು ಒಂದು ಬಗೆ. ಮಕ್ಕಳ ತಾಯಿಯಾದ ಮೇಲೆ, ಅತ್ತೆ ಮಾವ, ಬಂದವರು ಹೋದವರು ಇರುವ ದೊಡ್ಡ ಮನೆಯಲ್ಲಿ ಕುಳಿತು ಅ, ಆ ಎಂದು ತಿದ್ದುವುದು ಬೇರೆ ಬಗೆ. ನಗುವವರು ಇರುತ್ತಾರೆ. ಈ ವಯಸ್ಸಿಗೆ ಯಾಕೆ ಎನ್ನುವವರು ಇರುತ್ತಾರೆ. ಪ್ರೌಢ ಹೆಣ್ಣುಮಕ್ಕಳಿಗೆ ರಾತ್ರಿ ಶಾಲೆಯಲ್ಲಿ ಕಲಿಸಿದ ನನ್ನಂಥವರಿಗೆ ಇದು ತಿಳಿಯುತ್ತದೆ. ಅವರ ಕೈಯಲ್ಲಿ ಪೆನ್ಸಿಲ್ ಕೊಟ್ಟರೆ ಲಟ್ಟಣಿಗೆ ಹಿಡಿದಂತೆ ಬಿಗಿಯಾಗಿ ಹಿಡಿಯುತ್ತಾರೆ. ಪಾಟಿ ಒಡೆದೀತೆಂಬ ಹಾಗೆ ಒತ್ತುತ್ತಾರೆ. ಮೊದಲ ಸಲ ತಮ್ಮ ಹೆಸರು ಬರೆದ ದಿನ ಅಳಿಸಲು ಬಿಡುವುದಿಲ್ಲ.

ಹೀಗೆ ಕಲಿತ ಅಕ್ಷರದಿಂದ ಆ ತಾಯಿ ಏನು ಬರೆದರು? ‘ಜಯಗೀತೆ’, ‘ತಾರಕ ತಂಬೂರಿ’, ‘ತಾಯಿಯ ಪದಗಳು’ ಎಂಬ ಸಂಗ್ರಹಗಳು ಬಂದವು. ಎಲ್ಲಕ್ಕಿಂತ ದೊಡ್ಡದು ‘ಶ್ರೀ ಸಿದ್ಧರಾಮೇಶ್ವರ ಪುರಾಣ’. ಸಾವಿರಾರು ತ್ರಿಪದಿಗಳ ಮಹಾಕಾವ್ಯ. ತ್ರಿಪದಿಯನ್ನೇ ಏಕೆ ಆರಿಸಿಕೊಂಡರು? ರಾಘವಾಂಕನಂತೆ ಷಟ್ಪದಿಯಲ್ಲಿ ಬರೆದಿದ್ದರೆ ಪಂಡಿತರು ಇನ್ನೂ ಜೋರಾಗಿ ಹೊಗಳುತ್ತಿದ್ದರೋ ಏನೋ. ಆದರೆ ತ್ರಿಪದಿ ನಮ್ಮ ಬೀಸುವ ಕಲ್ಲಿನ ಹಾಡು. ಬೆಳಗಿನ ಜಾವ ಜೋಳ ಬೀಸುತ್ತ ನಮ್ಮ ಅಜ್ಜಿಯರು ಹಾಡಿದ ಮಟ್ಟು. ಭೀಮೆಯ ಆ ದಡದ ಹಲಸಂಗಿಯ ಗೆಳೆಯರು ಇಂಥ ಹಾಡುಗಳನ್ನು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದಾಗ ಇಡೀ ಕನ್ನಡ ನಾಡು ಬೆರಗಾಯಿತು. ಮರಾಠಿಯಲ್ಲಿಯೂ ಜಾತೆಯ ಮೇಲಿನ ಓವಿಗಳಿವೆಯಲ್ಲ, ಅವು ಇದರ ತಂಗಿಯರು. ಓದು ಬಾರದ ಹೆಂಗಸು ಸಹ ಕೇಳಿ ನೆನಪಿಡಬಲ್ಲ ಮಟ್ಟಿನಲ್ಲಿ ಜಯದೇವಿತಾಯಿಯವರು ನಮ್ಮ ಊರ ದೇವರ ಚರಿತ್ರೆಯನ್ನು ಬರೆದರು. ಇದನ್ನು ನಾನು ಅವರ ಭಕ್ತಿ ಎನ್ನುತ್ತೇನೆ, ದಯೆಯೂ ಎನ್ನುತ್ತೇನೆ. ತಾನು ಕಷ್ಟಪಟ್ಟು ಹತ್ತಿದ ಮೆಟ್ಟಿಲನ್ನು ಹಿಂದೆ ಬರುವವಳಿಗಾಗಿ ಸ್ವಲ್ಪ ತಗ್ಗಿಸಿ ಕಟ್ಟುವುದು ದಯೆಯಲ್ಲದೆ ಮತ್ತೇನು?

ಇನ್ನೊಂದು ಕೆಲಸವನ್ನೂ ಅವರು ಮಾಡಿದರು. ಸಿದ್ಧರಾಮರ, ಬಸವಣ್ಣನವರ ವಚನಗಳನ್ನು ಮರಾಠಿಗೆ ತಂದರು. ಕನ್ನಡಕ್ಕಾಗಿ ಜೀವ ತೇಯ್ದವರು ಅವರು. ಸೊಲ್ಲಾಪುರ ಕರ್ನಾಟಕಕ್ಕೆ ಸೇರಬೇಕೆಂದು ಹೋರಾಡಿದವರು. 1956ರ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾದಾಗ ನಮ್ಮ ಜಿಲ್ಲೆ ಆಗಿನ ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. ಅದರ ನ್ಯಾಯ ಅನ್ಯಾಯ ಈ ಪೆಂಡಾಲಿನ ವಿಷಯವಲ್ಲ. ದೊಡ್ಡ ಕೋರ್ಟಿನವರು ನೋಡಿಕೊಳ್ಳುತ್ತಾರೆ. ನಾನು ಹೇಳುವುದು ಇಷ್ಟೆ: ಅಷ್ಟು ಕನ್ನಡಾಭಿಮಾನ ಇದ್ದವರು ಮರಾಠಿಯನ್ನು ದೂರ ತಳ್ಳಲಿಲ್ಲ. ಶಾಲೆಯಲ್ಲಿ ಕಲಿತ ಮರಾಠಿಯನ್ನು ಶರಣರ ಸೇವೆಗೆ ಹಚ್ಚಿದರು. ನೆರೆಮನೆಯ ಮರಾಠಿ ತಾಯಿಗೂ ಸಿದ್ಧರಾಮರು ಏನು ಹೇಳಿದರೆಂಬುದು ತಿಳಿಯಲಿ ಎಂದರು. ಮರಾಠಿ ನಮಗೆ ಅನ್ನ ಕೊಟ್ಟ ಭಾಷೆ, ನೆರೆಹೊರೆಯ ಭಾಷೆ. ಅದನ್ನು ಬೈದರೆ ಕನ್ನಡ ಉಳಿಯುತ್ತದೆಂದು ತಿಳಿದವರು ಜಯದೇವಿತಾಯಿಯವರ ಪುಸ್ತಕಗಳನ್ನು ನೋಡಬೇಕು.

ಅವರ ಕಾಲದ ಸೊಲ್ಲಾಪುರವನ್ನು ಸ್ವಲ್ಪ ನೆನಪಿಸಿಕೊಳ್ಳಿರಿ. 1944ರಿಂದ 1956ರ ವರೆಗೆ ವರಕವಿ ಬೇಂದ್ರೆಯವರು ಇಲ್ಲಿಯ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರು. 1950ರಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಮ್ಮ ಊರಿನಲ್ಲಿಯೇ ನಡೆಯಿತು, ಎಂ.ಆರ್. ಶ್ರೀನಿವಾಸಮೂರ್ತಿಗಳು ಅಧ್ಯಕ್ಷರು. ಅದರ ಹೊಣೆ ಹೊತ್ತವರಲ್ಲಿ ಜಯದೇವಿತಾಯಿಯವರು ಮುಂದಿನ ಸಾಲಿನಲ್ಲಿದ್ದರು. ಗಿರಣಿಗಳ ಭೋಂಗಾ ಕೂಗುವ ಊರಿನಲ್ಲಿ ಕನ್ನಡದ ತೇರನ್ನು ಎಳೆದರು.

ಮುಂದೆ 1974ರಲ್ಲಿ ಮಂಡ್ಯದಲ್ಲಿ 48ನೆಯ ಸಮ್ಮೇಳನ. ಅಧ್ಯಕ್ಷ ಪೀಠದ ಮೇಲೆ ಸೊಲ್ಲಾಪುರದ ತಾಯಿ. ಮೊದಲ ಸಮ್ಮೇಳನ ಬೆಂಗಳೂರಿನಲ್ಲಿ ನಡೆದದ್ದು 1915ರಲ್ಲಿ. ಅಲ್ಲಿಂದ ಮಂಡ್ಯದ ವರೆಗೆ 59 ವರ್ಷ, 47 ಸಮ್ಮೇಳನ. ಒಂದರಲ್ಲಿಯೂ ಹೆಣ್ಣುಮಗಳು ಅಧ್ಯಕ್ಷೆಯಾಗಿರಲಿಲ್ಲ. ಆ ಬಾಗಿಲನ್ನು ತೆರೆದವರು ಮೈಸೂರಿನವರೂ ಅಲ್ಲ, ಧಾರವಾಡದವರೂ ಅಲ್ಲ; ಮಹಾರಾಷ್ಟ್ರದಲ್ಲಿರುವ ನಮ್ಮ ಊರಿನ, ಮರಾಠಿ ಶಾಲೆ ಕಲಿತ, ಮನೆಯಲ್ಲಿ ಕುಳಿತು ಕನ್ನಡ ಕಲಿತ ಹೆಣ್ಣುಮಗಳು. ಅವರ ನಂತರವೂ ಬಹಳ ವರ್ಷ ಕಾಯಬೇಕಾಯಿತು. 2000ದಲ್ಲಿ ಬಾಗಲಕೋಟೆಯಲ್ಲಿ ಶಾಂತಾದೇವಿ ಮಾಳವಾಡರು, 2003ರಲ್ಲಿ ಮೂಡುಬಿದಿರೆಯಲ್ಲಿ ಕಮಲಾ ಹಂಪನಾ, 2010ರಲ್ಲಿ ಗದಗಿನಲ್ಲಿ ಗೀತಾ ನಾಗಭೂಷಣ. ಬೆರಳಿನಲ್ಲಿ ಎಣಿಸಬಹುದು.

ಕೊನೆಗಾಲದಲ್ಲಿ ಜಯದೇವಿತಾಯಿಯವರು ಸೊಲ್ಲಾಪುರವನ್ನು ಬಿಟ್ಟು ಶರಣರ ನೆಲವಾದ ಬಸವಕಲ್ಯಾಣಕ್ಕೆ ಹೋಗಿ ನೆಲೆಸಿದರು. ಸಿದ್ಧರಾಮರೂ ಅಲ್ಲಮಪ್ರಭುಗಳ ಜೊತೆ ಇದೇ ದಾರಿಯಲ್ಲಿ ಕಲ್ಯಾಣಕ್ಕೆ ಹೋಗಿದ್ದರಲ್ಲ. ಸಿದ್ಧರಾಮರು ತಿರುಗಿ ಬಂದು ಇಲ್ಲಿ ಸಮಾಧಿಯಾದರು. ತಾಯಿಯವರು ತಿರುಗಿ ಬರಲಿಲ್ಲ. 1986ರಲ್ಲಿ ಲಿಂಗೈಕ್ಯರಾದರು.

ಈಗ ನಮ್ಮ ಮಾತಿಗೆ ಬರೋಣ. ಸ್ವಲ್ಪ ಕಹಿಯಾದರೆ ಮನ್ನಿಸಬೇಕು, ಕೊನೆಗೆ ಎಳ್ಳು-ಬೆಲ್ಲ ಇದೆಯಲ್ಲ.

ನಮ್ಮ ಯಾತ್ರೆಯ ಮೊದಲ ದಿನದ ವಿಧಿಗೆ ಏನೆಂದು ಹೆಸರು? ಮರಾಠಿ ವರ್ತಮಾನಪತ್ರಗಳಲ್ಲಿ ‘ಯಣ್ಣಿಮಜ್ಜನ’ ಎಂದು ಬರೆಯುತ್ತಾರೆ. ಓದುವವರು ಅದೇನೋ ಸಂಸ್ಕೃತದ ಮಂತ್ರವೆಂದು ತಿಳಿಯುತ್ತಾರೆ. ಅದು ನಮ್ಮ ಎಣ್ಣೆ ಮಜ್ಜನ! ಅರುವತ್ತೆಂಟು ಲಿಂಗಗಳಿಗೆ ಎಣ್ಣೆ ಹಚ್ಚಿ ಎರೆಯುವುದು. ಕೊನೆಯ ದಿನದ ವಿಧಿ ‘ಕಪ್ಪಡಕಳಿ’. ನಂದಿಧ್ವಜಗಳ ಕಪ್ಪಡವನ್ನು, ಅಂದರೆ ಬಟ್ಟೆಯನ್ನು, ಕಳೆಯುವುದು. ಅಕ್ಷತೆಯ ಜಾಗ ‘ಸಮ್ಮತಿ ಕಟ್ಟಾ’, ನಮ್ಮ ಕಟ್ಟೆ. ಎಂಟುನೂರು ವರ್ಷದ ಕನ್ನಡ ಶಬ್ದಗಳು ಬಾಯಿಂದ ಬಾಯಿಗೆ ಹರಿದು ಬಂದಿವೆ, ಅರ್ಥ ಮಾತ್ರ ದಾರಿಯಲ್ಲಿ ಎಲ್ಲಿಯೋ ಉಳಿದಿದೆ. ಕಳೆದ ವರ್ಷ ಜಾತ್ರೆಯಲ್ಲಿ ನನ್ನ ಪಕ್ಕದಲ್ಲಿ ನಿಂತ ಕನ್ನಡ ಮನೆಯ ಹುಡುಗಿಯೊಬ್ಬಳು, ಕಾಲೇಜು ಕಲಿಯುವವಳು, “ಬಾಯಿ, ಯಣ್ಣಿ ಅಂದ್ರೆ ಏನ್ರೀ?” ಎಂದು ನನ್ನನ್ನು ಕೇಳಿದಳು. ಮನೆಯಲ್ಲಿ ದಿನಾಲೂ ಒಗ್ಗರಣೆಗೆ ಎಣ್ಣೆ ಹಾಕುವವಳೇ.

ಇನ್ನು ನಮ್ಮ ಭಜನಾ ಮಂಡಳಿಯ ತಾಯಂದಿರ ವಹಿ ತೆರೆದು ನೋಡಿರಿ. ಹಾಡು ಕನ್ನಡ, ಅಕ್ಷರ ಮರಾಠಿ. ಶರಣರ ವಚನ, ದೇವರ ಪದ, ಮಂಗಳಾರತಿ ಎಲ್ಲವೂ ಬಾಳಬೋಧ ಲಿಪಿಯಲ್ಲಿ. ಅವರನ್ನು ನಾನು ಆಡಿಕೊಳ್ಳುತ್ತಿಲ್ಲ. ಅಕ್ಷರ ಬಾರದಿದ್ದರೂ ಹಾಡನ್ನು ಬಿಡಲಿಲ್ಲವಲ್ಲ, ಅದಕ್ಕೆ ಕೈ ಮುಗಿಯಬೇಕು. ಆದರೆ ತೊಡಕು ಎಲ್ಲಿದೆ ಹೇಳುತ್ತೇನೆ. ಕನ್ನಡಕ್ಕೆ ಎ ಬೇರೆ, ಏ ಬೇರೆ. ಒ ಬೇರೆ, ಓ ಬೇರೆ. ಮರಾಠಿ ಬರವಣಿಗೆಯಲ್ಲಿ ಆ ಭೇದ ಇಲ್ಲ. ಅದರಲ್ಲಿ ಬರೆದರೆ ಹೊಲದ ಬೆಳೆಯೂ ಒಂದೇ, ಡಬ್ಬಿಯಲ್ಲಿರುವ ತೊಗರಿ ಬೇಳೆಯೂ ಒಂದೇ. ಅಜ್ಜಿ ಹಾಡುವಾಗ ಸರಿಯಾಗಿಯೇ ಹಾಡುತ್ತಾಳೆ, ಆಕೆಗೆ ಕಿವಿಯಲ್ಲಿ ಇದೆ. ಅಜ್ಜಿಯ ನಂತರ ಆ ವಹಿಯನ್ನು ಮೊಮ್ಮಗಳು ನೋಡಿ ಹಾಡುತ್ತಾಳೆ. ಕೊಡು ಎನ್ನಬೇಕಾದಲ್ಲಿ ಕೋಡು ಎನ್ನುತ್ತಾಳೆ. ಮಲ್ಲಯ್ಯ ಕರುಣಾಳು, ಸಿಟ್ಟಾಗಲಾರ. ಆದರೆ ಎರಡು ತಲೆಮಾರು ಕಳೆದರೆ ಆ ಹಾಡಿನ ಗತಿಯೂ ಯಣ್ಣಿಯ ಗತಿಯೇ.

ಅಕ್ಕಲಕೋಟೆ ತಾಲೂಕಿನಲ್ಲಿ ಪರಿಸ್ಥಿತಿ ಇನ್ನೂ ಕೈ ಮೀರಿಲ್ಲ. ಮೈಂದರ್ಗಿ, ದುಧನಿ, ನಾಗಣಸೂರ ಕಡೆ ಹೋಗಿರಿ, ಸಂತೆಯ ಮಾತು ಕನ್ನಡವೇ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಪುಣೆಯ ಬಾಲಭಾರತಿಯವರು ಮಹಾರಾಷ್ಟ್ರದ ಮಕ್ಕಳಿಗಾಗಿ ಕನ್ನಡದಲ್ಲಿಯೂ ಪಾಠಪುಸ್ತಕ ಅಚ್ಚು ಮಾಡುತ್ತಾರೆ. ಆ ಪುಸ್ತಕ ಹಿಡಿದೇ ನಾನು ಹೊಟ್ಟೆ ಹೊರೆದಿದ್ದೇನೆ. ಆದರೆ ನಗರದಲ್ಲಿ ನಮ್ಮವರು ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸುತ್ತಾರೆ. ಕಳಿಸಲಿ, ನೌಕರಿ ಬೇಕಲ್ಲ. ನನ್ನ ಮೊಮ್ಮಕ್ಕಳೂ ಅಲ್ಲಿಯೇ ಹೋಗುತ್ತಾರೆ. ಮೂರನೆಯ ಅಕ್ಷರವಾಗಿ ಕನ್ನಡ ಕಲಿಸಲು ವಾರಕ್ಕೆ ಒಂದು ಗಂಟೆ ಸಿಗುವುದಿಲ್ಲವೆ? ಜಯದೇವಿತಾಯಿಯವರಿಗೆ ಶಾಲೆಯೂ ಇರಲಿಲ್ಲ, ಗುಂಪೂ ಇರಲಿಲ್ಲ.

ಕೆಲವರು ಕೇಳುತ್ತಾರೆ: ಬಾಯಿಯವರೆ, ದೇವರ ಗುಡಿಯಲ್ಲಿ ಅಕ್ಷರದ ಮಾತು ಯಾಕೆ? ಪೂಜೆ ಅಭಿಷೇಕ ಸಾಲದೆ? ಅವರಿಗೆ ನನ್ನ ಉತ್ತರವಿದೆ. ಸಿದ್ಧರಾಮರು ಗುಡಿಯನ್ನು ಕಟ್ಟಿದರು, ಅದರ ಜೊತೆಗೆ ಕೆರೆಯನ್ನೂ ಕಟ್ಟಿದರು. ಗುಡಿಗೆ ಬರುವ ಮುಂಚೆ ನಾವೆಲ್ಲ ಆ ಕೆರೆಯನ್ನು ದಾಟಿಯೇ ಬರುತ್ತೇವೆ. ಊರಿಗೆ ನೀರು ಬೇಕಾದಾಗ ಅವರು ಬರೀ ಜಪ ಮಾಡುತ್ತ ಕೂಡಲಿಲ್ಲ, ಮಣ್ಣು ಹೊತ್ತರು. ಹೆಣ್ಣನ್ನು ಮಾಯೆಯೆಂದು ಜರಿದ ಕಾಲದಲ್ಲಿ ಹೆಣ್ಣು ಸಾಕ್ಷಾತ್ ತಮ್ಮ ಕಪಿಲಸಿದ್ಧ ಮಲ್ಲಿಕಾರ್ಜುನನೆಂದು ಹೇಳಿದವರು ಅವರು. ಆ ಮಾತು ಯಾವ ವಚನದಲ್ಲಿ ಇದೆ ಎಂದು ನಮ್ಮ ಹೆಣ್ಣುಮಕ್ಕಳೇ ಹುಡುಕಿ ಓದುವಂತಾಗಬೇಡವೆ? ಅದನ್ನೂ ನಾವು ಗಂಡಸರ ಬಾಯಿಂದಲೇ ಕೇಳಿ ತಲೆ ಅಲ್ಲಾಡಿಸುತ್ತ ಇರಬೇಕೆ?

ಆದ ಕಾರಣ ಸಮಿತಿಯ ಹಿರಿಯರಲ್ಲಿ ನಾನು ಒಂದು ಬೇಡಿಕೆ ಇಟ್ಟಿದ್ದೆ. ಮೊದಲ ಸಭೆಯಲ್ಲಿ ಮುಂದೆ ನೋಡೋಣ ಎಂದರು. ಎರಡನೆಯ ಸಭೆಗೆ ನಮ್ಮ ಭಜನಾ ಮಂಡಳಿಯ ಹದಿನಾಲ್ಕು ಜನ ತಾಯಂದಿರು ನನ್ನೊಡನೆ ಬಂದು ಬಾಗಿಲಲ್ಲಿ ಕುಳಿತರು. ಒಪ್ಪಿಗೆ ಆಯಿತು. ಇದಕ್ಕೂ ಸಮ್ಮತಿ ಎಂದೇ ಹೇಳಬೇಕು.

ಜಾತ್ರೆ ಮುಗಿದ ಮುಂದಿನ ರವಿವಾರದಿಂದ ಪ್ರತಿ ರವಿವಾರ ಸಂಜೆ 4ರಿಂದ 5ರ ವರೆಗೆ ನಮ್ಮ ದೇವಸ್ಥಾನದ ಸಭಾಮಂಟಪದಲ್ಲಿ ಕನ್ನಡ ಅಕ್ಷರದ ವರ್ಗ ನಡೆಯುತ್ತದೆ. ಫೀಯಿಲ್ಲ. ವಯಸ್ಸಿನ ಕಟ್ಟೂ ಇಲ್ಲ. ಅಜ್ಜಿ ಮೊಮ್ಮಗಳು ಒಂದೇ ಪಾಟಿ ಹಂಚಿಕೊಂಡರೂ ನಡೆಯುತ್ತದೆ. ಮರಾಠಿ, ತೆಲುಗು ಮನೆಯವರು ಬಂದರೆ ಅವರಿಗೂ ಜಾಗ ಇದೆ. ಪಾಟಿ, ಪೆನ್ಸಿಲ್ ಸಮಿತಿಯಿಂದ. ಬಾಲಭಾರತಿಯ ಒಂದನೆಯ ಇಯತ್ತೆಯ ಹಳೆಯ ಪುಸ್ತಕಗಳು ನನ್ನ ಬಳಿ ಇವೆ, ತರುತ್ತೇನೆ. ನಿಮ್ಮ ಮನೆಯ ಅಟ್ಟದ ಮೇಲೆ ಇದ್ದರೆ ಅವನ್ನೂ ಇಳಿಸಿಕೊಂಡು ಬನ್ನಿರಿ. ಎಲ್ಲರೂ ತಮ್ಮ ತಮ್ಮ ಭಜನೆಯ ವಹಿ ತರಬೇಕು. ಮೊದಲ ತಿಂಗಳು ಅಕ್ಷರ, ಎರಡನೆಯ ತಿಂಗಳು ಕಾಗುಣಿತ. ಮೂರನೆಯ ತಿಂಗಳಿನಿಂದ ಆ ವಹಿಯ ಹಾಡುಗಳನ್ನು ಒಂದೊಂದಾಗಿ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳೋಣ. ಹೆಸರು ಬರೆಸಬೇಕಾದವರು ಪ್ರಸಾದದ ಸಾಲಿನ ಹತ್ತಿರ ಮೇಜು ಹಾಕಿಕೊಂಡು ಕುಳಿತ ಹುಡುಗಿಯರ ಬಳಿ ಬರೆಸಬೇಕು. ಯಾವ ಅಕ್ಷರದಲ್ಲಿ ಬರೆದರೂ ಸರಿ, ಹೆಬ್ಬೆಟ್ಟು ಒತ್ತಿದರೂ ಸರಿ.